ಪ್ರಾಸವೂ ಭಾವವೂ

ಕಾವ್ಯವನ್ನು ಕಣ್ಣಿನಿಂದಲೇ ಓದಿ ಮುಗಿಸುವ ರೂಢಿ ಈಗ ಬಲವಾಗಿದೆ. ಆದರೆ ನಮ್ಮ ಹಳೆಯ ಕವಿಗಳು ಕೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರು. ನಾದವನ್ನು ಗುರುತಿಸದೆ ಮಾಡಿದ ವಿಮರ್ಶೆ ಅರೆ ವಿಮರ್ಶೆಯೇ ಸರಿ.

ಹಳಗನ್ನಡದ ಕಂದ-ವೃತ್ತಗಳಲ್ಲಿಯೂ ಷಟ್ಪದಿಯಲ್ಲಿಯೂ ಆದಿಪ್ರಾಸ ಕಡ್ಡಾಯವಾಗಿತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಪ್ರಾಸವನ್ನು ವಿಚಾರಿಸಿದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಮರಳಬೇಕು. ಅದರ ಹಿಂದಿನ ಸ್ವರದ ಹ್ರಸ್ವ-ದೀರ್ಘವೂ ಒಂದೇ ಆಗಿರಬೇಕು.

ನಮ್ಮ ಸುತ್ತಲಿನ ಊರುಗಳ ಹೆಸರಿನಲ್ಲಿಯೇ ಇದನ್ನು ಪರೀಕ್ಷಿಸಿರಿ. 'ಯಲಹಂಕ'ಕ್ಕೆ 'ನೆಲ', 'ಹೊಲ' ಹೊಂದುತ್ತವೆ, ಇದು ಸಿಂಹಪ್ರಾಸ. 'ಜಾಲಹಳ್ಳಿ'ಗೆ 'ಕಾಲ', 'ಶೀಲ' ಹೊಂದುತ್ತವೆ, ದೀರ್ಘವಿರುವುದರಿಂದ ಗಜಪ್ರಾಸ. ಎರಡು ಊರುಗಳಿಗೂ ಎರಡನೆಯ ಅಕ್ಷರ ಲಕಾರವೇ ಆದರೂ ಅವು ಪರಸ್ಪರ ಪ್ರಾಸವಾಗಲಾರವು. 'ಬೆಂಗಳೂರು', 'ತಿಂಗಳು', 'ಅಂಗಳ' ಎಂಬಲ್ಲಿ ಬಿಂದುವಿನಿಂದ ವೃಷಭಪ್ರಾಸ. 'ಹೆಬ್ಬಾಳ', 'ಕಬ್ಬು', 'ಹಬ್ಬ' ಎಂಬಲ್ಲಿ ದ್ವಿತ್ವದಿಂದ ಹಯಪ್ರಾಸ.

ಆದರೆ ಹೆಸರಿಟ್ಟ ಮಾತ್ರಕ್ಕೆ ವಿಮರ್ಶೆ ಮುಗಿಯದು. ಕಡ್ಡಾಯವಾದ ಪ್ರಾಸ ಇದೆಯೆಂದು ಹಳೆಯ ಕವಿಯನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಪ್ರಾಸಸ್ಥಾನದ ಪದ ಭಾವಕ್ಕೂ ಅನಿವಾರ್ಯವಾಗಿದೆಯೇ, ಅಥವಾ ನಿಯಮವನ್ನು ತುಂಬಿಸಲೆಂದೇ ಬಂದಿದೆಯೇ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಆ ಪದದ ಸ್ಥಾನದಲ್ಲಿ ಸಮಾನಾರ್ಥಕವೊಂದನ್ನಿಟ್ಟು ಓದಿರಿ. ಪ್ರಾಸ ಕೆಟ್ಟು ಭಾವ ಕೆಡದಿದ್ದರೆ ಆ ಪದ ಬರಿಯ ತುಂಬುಪದ. ಎರಡೂ ಕೆಟ್ಟರೆ ಕವಿ ಗೆದ್ದನೆಂದೇ ತಿಳಿಯಿರಿ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸನಿಯಮವನ್ನು ತ್ಯಜಿಸಿದರು. ಹೊಸಗನ್ನಡ ಕವಿತೆಗೆ ಅದೊಂದು ಬಿಡುಗಡೆ. ಅಂದ ಮಾತ್ರಕ್ಕೆ ನಾದವೇ ಹೋಯಿತೆಂದಲ್ಲ. ಹನ್ನೆರಡನೆಯ ಶತಮಾನದ ಶರಣರು ಆದಿಪ್ರಾಸದ ಕಟ್ಟಿಗೆ ಒಳಗಾಗದೆಯೇ ನುಡಿದವರಲ್ಲವೇ? ಒಂದೇ ಬಗೆಯ ವಾಕ್ಯ ಮರಳಿ ಮರಳಿ ಬಂದು, ಕೊನೆಯ ಅಂಕಿತದಲ್ಲಿ ಧ್ವನಿ ನೆಲೆಗೊಳ್ಳುವುದರಿಂದಲೇ ಎಷ್ಟೋ ವಚನಗಳಿಗೆ ಲಯ ದೊರೆತಿದೆ. ಹಾಗೆಯೇ ಹೊಸ ಕವಿತೆಯಲ್ಲಿ ಅನುಪ್ರಾಸ ಬಂದರೆ ಅದು ಕವಿಯೇ ಆರಿಸಿಕೊಂಡದ್ದು. ಆದುದರಿಂದ ಇಲ್ಲಿ ಏಕೆ ಬಂದಿತೆಂದು ಕೇಳುವ ಹಕ್ಕು ಓದುಗನಿಗೆ ಇನ್ನೂ ಹೆಚ್ಚು.

ಪ್ರಾಸವಿಲ್ಲವೆಂದು ಹೊಸತನ್ನು ಹಳಿಯುವುದೂ, ಪ್ರಾಸವಿದೆಯೆಂದು ಹಳತನ್ನು ತಳ್ಳುವುದೂ ಕಿವಿಗೊಡದ ತೀರ್ಪುಗಳೇ. ಯಾವ ಪದ್ಯವನ್ನಾದರೂ ಮೊದಲು ಗಟ್ಟಿಯಾಗಿ ಎರಡು ಬಾರಿ ಓದಿರಿ. ಗುಣದೋಷದ ಮಾತು ಆಮೇಲಿರಲಿ.