ತುರುಪು ಕೇಳುವ ಗಳಿಗೆ

ಬಂಗಾಳದ ಸಿಯಾಲ್ದಾ ದಕ್ಷಿಣ ರೈಲು ವಿಭಾಗದ ಹಳಿಗಳು ಬಾಲಿಗಂಜ್ ಜಂಕ್ಷನ್‌ನಲ್ಲಿ ಬಜ್‌ಬಜ್ ಕಡೆಗೂ ಸೋನಾರ್‌ಪುರದ ಕಡೆಗೂ ಕವಲೊಡೆಯುತ್ತವೆ. ಆ ಲೋಕಲ್ ರೈಲುಗಳಲ್ಲಿ ದಿನವೂ ಓಡಾಡುವ ನೌಕರರ ಮೆಚ್ಚಿನ ಇಸ್ಪೀಟಾಟ ‘ಟ್ವೆಂಟಿನೈನ್’, ಕೇರಳದ ‘ಇಪ್ಪತ್ತೆಂಟು’ ಆಟದ ಹತ್ತಿರದ ನಂಟ. ಏಳರಿಂದ ಮೇಲಿನ 32 ಎಲೆಗಳಲ್ಲಿ ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರಾಗಿ, ಆಡುವ ಈ ಆಟದಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1 ಅಂಕವಿದ್ದು, ರಾಜ-ರಾಣಿಯರಿಗೆ ಸೊನ್ನೆ. ಅರಮನೆಯ ಮರ್ಯಾದೆ ಇಲ್ಲಿ ನಡೆಯದು.

ಮೊದಲ ನಾಲ್ಕು ಎಲೆಗಳನ್ನಷ್ಟೇ ನೋಡಿ, ಇಷ್ಟು ಅಂಕ ಗಳಿಸುತ್ತೇವೆಂದು ಹರಾಜಿನಂತೆ ಸವಾಲು ಏರಿಸಬೇಕು. ಗೆದ್ದವನು ತನಗೆ ಬೇಕಾದ ಜಾತಿಯನ್ನು ತುರುಪಾಗಿ, ಅಂದರೆ ಉಳಿದ ಮೂರು ಜಾತಿಗಳನ್ನು ಹೊಡೆಯಬಲ್ಲ ಜಾತಿಯಾಗಿ, ಆರಿಸಿ, ಆಟಕ್ಕೆ ಸೇರದ ಎರಡು ಮೂರರಂಥ ಸಣ್ಣ ಎಲೆಯೊಂದನ್ನು ಗುರುತಿಗೆಂದು ಬೋರಲಾಗಿಟ್ಟ ಬಳಿಕವೇ ಉಳಿದ ನಾಲ್ಕು ಎಲೆಗಳು ಕೈಸೇರುತ್ತವೆ. ಆ ಎಲೆ ಮಗುಚುವವರೆಗೆ ತುರುಪಿಗೆ ಬಲವಿಲ್ಲ. ಮಗುಚಿಸುವ, ಅಂದರೆ ತುರುಪು ಕೇಳುವ, ಹಕ್ಕಿರುವುದು, ಇಳಿದ ಜಾತಿಯ ಎಲೆ ಕೈಯಲ್ಲಿಲ್ಲದವನಿಗೆ, ಅದೂ ತನ್ನ ಸರದಿಯಲ್ಲಿ, ಎಲೆ ಎಸೆಯುವ ಮುನ್ನ ಮಾತ್ರ.

ಆಟದ ರುಚಿಯೆಲ್ಲ ಇಲ್ಲಿದೆ. ಆಟೀನಿನ ಗುಲಾಮನ ಮೇಲೆ ಒಂಬತ್ತು ಬಿದ್ದು 5 ಅಂಕ ಎದುರಾಳಿಯ ಪಾಲಾಗುವ ಹೊತ್ತಿನಲ್ಲಿ, ಆಟೀನಿಲ್ಲದವನು ತುರುಪು ಕೇಳುವುದು ಸಹಜವೇ ಆದರೂ, ಗುಟ್ಟು ನಾಲ್ವರಿಗೂ ಒಟ್ಟಿಗೆ ಬಯಲಾಗುವುದರಿಂದ, ಕೇಳಿದವನ ಕೈಯಲ್ಲೇ ತುರುಪಿಲ್ಲದಿದ್ದರೆ ಲಾಭ ಸವಾಲು ಗೆದ್ದವನದಾಗಬಹುದು. ಆ ಸುತ್ತನ್ನು ಜೊತೆಗಾರನೇ ಗೆಲ್ಲುವಂತಿದ್ದರಂತೂ ಕೇಳದೆ ಹತ್ತನ್ನೋ ಎಕ್ಕವನ್ನೋ ಸುರಿಯುವುದೇ ಜಾಣತನ. ತುರುಪಿನ ರಾಜ-ರಾಣಿ ಒಬ್ಬನಲ್ಲೇ ಇದ್ದರೆ ಅದು ‘ಪೇರ್’. ಸವಾಲಿನ ಕಡೆಯವರದಾದರೆ ಗುರಿ 4 ಅಂಕ ಇಳಿಯುತ್ತದೆ, ಎದುರಾಳಿಯದಾದರೆ 4 ಏರುತ್ತದೆ. ಆದರೆ ತುರುಪು ಬಯಲಾದ ಮೇಲೆ ತನ್ನ ಕಡೆ ಒಂದು ಸುತ್ತು ಗೆಲ್ಲದೆ ಅದನ್ನು ತೋರಿಸುವಂತಿಲ್ಲ.

ಇಂಥ ಗಳಿಗೆಯ ಲೆಕ್ಕ ಬೇರೆ ಎಲೆಯಾಟಗಳಲ್ಲೂ ಉಂಟು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ, ಎಲೆಗಳನ್ನು ಕೊಂಡು ಕೂಡಿಸಿ ಆಡುವ ‘ಮ್ಯಾಜಿಕ್: ದ ಗ್ಯಾದರಿಂಗ್’ನಲ್ಲಿ ಎಲೆಯಲ್ಲಿನ ಒಂದು ಮಂತ್ರಕ್ಕೆ ಪ್ರತಿಯಾಗಿ ಇನ್ನೊಂದು ಮಂತ್ರ ಹೂಡಬಹುದು, 1999ರ ನಿಯಮಗಳಂತೆ ಅವು ಒಂದರ ಮೇಲೊಂದು ಪೇರಿಕೊಂಡು, ಕೊನೆಗೆ ಹೂಡಿದ್ದು ಮೊದಲು ಫಲಿಸುತ್ತದೆ. ಅಲ್ಲಿ ಪ್ರತ್ಯುತ್ತರಕ್ಕೂ ಪ್ರತ್ಯುತ್ತರವುಂಟು. ಟ್ವೆಂಟಿನೈನಿನಲ್ಲಿ ಒಂದೇ ಪ್ರಶ್ನೆ, ಒಂದೇ ಸಲ. ನಿಯಮ ಕಡಿಮೆಯಾದರೂ ಗಳಿಗೆಯ ಲೆಕ್ಕಾಚಾರದಲ್ಲಿ ಬಂಗಾಳದ ಆಟವೇ ಹೆಚ್ಚು ಕಟ್ಟುನಿಟ್ಟಿನದು.

ಕೇಳಿದವನು ತುರುಪನ್ನೇ ಎಸೆಯಬೇಕೇ, ಕೊನೆಯ ಸುತ್ತಿಗೆ ಹೆಚ್ಚಿನ 1 ಅಂಕವುಂಟೇ ಎಂಬುದು ಕೂಟದಿಂದ ಕೂಟಕ್ಕೆ ಬದಲಾಗುವುದರಿಂದ, ಹೊಸದಾಗಿ ಕೂರುವವರು ಎಲೆ ಹಂಚುವ ಮೊದಲೇ ವಿಚಾರಿಸಿಕೊಳ್ಳಬೇಕು.