ಪಡುಗಳದ ಆಟ, ಪರದೆಯ ಅರಸುತನ

ಕೊಂಗುನಾಡಿನ ಅಣ್ಣನ್‌ಮಾರ್ ಕಥೆ ಬೆಳ್ಳಿತೆರೆಯಲ್ಲಿ ಸೋತದ್ದಕ್ಕೆ ಹಣದ ಕೊರತೆಯೇ ಕಾರಣವೆಂಬ ತೀರ್ಪು ಈಗ ಬಹುಮಟ್ಟಿಗೆ ಇತ್ಯರ್ಥವಾದ ಸಂಗತಿಯಂತೆ ಚಲಾವಣೆಯಲ್ಲಿದೆ. 2015ರಲ್ಲಿ 'ಬಾಹುಬಲಿ' ಬಂದ ಮೇಲಂತೂ, 2011ರ 'ಪೊನ್ನರ್ ಶಂಕರ್' ಚಿತ್ರಕ್ಕೂ ಅದೇ ಪ್ರಮಾಣದ ಗ್ರಾಫಿಕ್ಸು, ಅದೇ ಮಾರುಕಟ್ಟೆ, ಎರಡು ಮೂರು ಭಾಗಗಳ ಅವಕಾಶ ದೊರೆತಿದ್ದರೆ ಕೊಯಮತ್ತೂರು–ತಿರುಪ್ಪೂರು ಸೀಮೆಯ ಈ ಜನಪದ ಮಹಾಕಾವ್ಯವು ಸಿನಿಮಾ, ಧಾರಾವಾಹಿ, ಆಟಿಕೆಗಳ ಸಾಮ್ರಾಜ್ಯವಾಗಿ ಬೆಳೆಯುತ್ತಿತ್ತೆಂದು ಹಲುಬುವುದು ಸುಲಭವಾಗಿದೆ. ಹಾಡುಗಾರನ ಬಾಯಲ್ಲಿದ್ದದ್ದು ಬರೀ ಕಚ್ಚಾ ಸಾಮಗ್ರಿ, ಅದನ್ನು ಪಕ್ವಗೊಳಿಸುವ ಹೊಣೆ ಪರದೆಯದು ಎಂಬ ಅಹಂಕಾರ ಈ ಹಲುಬಿನ ತಳದಲ್ಲಿದೆ. ಆ ಅಹಂಕಾರವನ್ನು ಪ್ರಶ್ನಿಸದೆ ಕೊಂಗು ಪರಂಪರೆಯ ಬಗ್ಗೆ ಬರೆಯುವುದೆಲ್ಲ ವ್ಯರ್ಥ.

ಕಥೆಯ ಎಳೆ ಗಡಿಯಾಚೆಯ ಕನ್ನಡಿಗರಿಗೆ, ಅದರಲ್ಲೂ ಕೊಯಮತ್ತೂರಿನ ದೇವಾಂಗ ನೇಕಾರರಿಗೆ ಮತ್ತು ಉಡುಮಲೈ ಕಡೆಯ ಒಕ್ಕಲಿಗರಿಗೆ ಅಪರಿಚಿತವೇನಲ್ಲ. ಪೊನ್ನಿವಳ ನಾಡಿನ ಒಕ್ಕಲು ಮನೆತನದ ಕುನ್ನುಡೈಯಾನ್ ಮತ್ತು ತಾಮರೈ ದಂಪತಿಗೆ, ತಾಯಿಯ ದೀರ್ಘ ತಪಸ್ಸಿನ ಬಳಿಕ, ಪೊನ್ನರ್ ಮತ್ತು ಶಂಕರ್ ಎಂಬ ಅವಳಿ ಗಂಡುಮಕ್ಕಳೂ ತಂಗಾಳ್ ಎಂಬ ಮಗಳೂ ಹುಟ್ಟುತ್ತಾರೆ. ನೇಗಿಲಿನ ನಾಡಿಗೂ ಬೇಡರ ಕಾಡಿಗೂ ನಡೆಯುವ ಹಗೆತನ ಕೊಂಬನ್ ಎಂಬ ದೈತ್ಯ ಕಾಡುಹಂದಿಯ ಬೇಟೆಯಲ್ಲಿ ಮುಗಿಲು ಮುಟ್ಟಿ, ಕೊನೆಗೆ ಅಣ್ಣಂದಿರಿಬ್ಬರೂ ತಮ್ಮ ಕತ್ತಿಗೆ ತಾವೇ ಬಲಿಯಾಗುತ್ತಾರೆ, ತಂಗಿ ಅವರನ್ನು ಹುಡುಕಿ ಬಂದು ಕ್ಷಣಕಾಲ ಎಬ್ಬಿಸುತ್ತಾಳೆ. ಅವರು ಬಿದ್ದ ನೆಲವೇ ಪಡುಗಳಂ. ಕಥೆ ಸಾಗುವುದು ಉಡುಕ್ಕೈ ಎಂಬ ನಡು ಸಣ್ಣಗಿರುವ ಕೈವಾದ್ಯದ ಬಡಿತದ ಮೇಲೆ. ಮುಖ್ಯ ಹಾಡುಗಾರನ ಜೊತೆಗೆ ಹೂಂಗುಟ್ಟುವ, ಕೆದಕಿ ಕೇಳುವ ಸಹಾಯಕನೊಬ್ಬನಿರುತ್ತಾನೆ. ನಮ್ಮ ನೀಲಗಾರರ ಮಂಟೇಸ್ವಾಮಿ ಕಾವ್ಯದಂತೆ ಇಲ್ಲಿಯೂ ಹಾಡು ಮತ್ತು ಮಾತು ಸರದಿಯಲ್ಲಿ ಬರುತ್ತವೆ.

ಇದನ್ನು ಕಾವ್ಯವೆಂದು ಕರೆದು ಸುಮ್ಮನಾಗುವುದು ವಿದ್ವಾಂಸರ ರೂಢಿ. ಆದರೆ ಹಬ್ಬದ ರಾತ್ರಿ ನಡೆಯುವುದನ್ನು ನೋಡಿದರೆ, ಪಾಶ್ಚಾತ್ಯರು 1974ರಿಂದೀಚೆಗೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯುತ್ತಿರುವುದಕ್ಕೆ, ಅಂದರೆ ನಿರೂಪಕನೊಬ್ಬ ಲೋಕವನ್ನು ವಿವರಿಸುತ್ತ ಹೋಗಿ ಸುತ್ತ ಕುಳಿತವರು ಆ ಲೋಕದ ಪಾತ್ರಗಳನ್ನು ತಾವೇ ಹೊತ್ತು ನಡೆಸುವ ಆಟಕ್ಕೆ, ಇದು ಕಾವ್ಯಕ್ಕಿಂತ ಹೆಚ್ಚು ಹತ್ತಿರವಾಗಿದೆ. ಪಡುಗಳಂ ಆಚರಣೆಯಲ್ಲಿ ಭಕ್ತರು ಆವೇಶ ಬಂದು ವೀರರಂತೆ ನೆಲಕ್ಕುರುಳುತ್ತಾರೆ, ಸತ್ತವರಂತೆ ಮಲಗುತ್ತಾರೆ, ತೀರ್ಥ ಚಿಮುಕಿಸಿದಾಗ ಮರಳಿ ಏಳುತ್ತಾರೆ. ತಿರುಚ್ಚಿರಾಪಳ್ಳಿ ಜಿಲ್ಲೆಯ ವೀರಪ್ಪೂರಿನ ಮಾಸಿ ಹಬ್ಬ ಇದಕ್ಕೆ ಹೆಸರಾಂತ ತಾಣ. ದಾಳ ಉರುಳಿಸುವ ಆಟದಲ್ಲಿ ಅಂತ್ಯ ಮೊದಲೇ ಗೊತ್ತಿರುವುದಿಲ್ಲ, ಇಲ್ಲಿ ಗೊತ್ತಿರುತ್ತದೆ, ಆದ್ದರಿಂದ ಹೋಲಿಕೆ ಸಲ್ಲದು ಎನ್ನುವವರು ತಾಳಮದ್ದಳೆಯನ್ನು ನೆನೆಯಬೇಕು: ಕರ್ಣ ಸಾಯುವುದು ಖಚಿತವೆಂದು ಸಭೆಗೆ ಗೊತ್ತಿದ್ದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಕೂತ ರಾತ್ರಿ ಅವನು ಯಾವ ಮಾತು ಆಡಿ ಸಾಯುತ್ತಾನೆಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಂತ್ಯ ನಿಗದಿಯಾಗಿದ್ದಾಗಲೇ ದಾರಿಯ ಸ್ವಾತಂತ್ರ್ಯಕ್ಕೆ ಬೆಲೆ.

ಈ ಪರಂಪರೆಯಲ್ಲಿ ಒಬ್ಬನನ್ನೇ ಆರಿಸಿಕೊಳ್ಳಬೇಕಾದರೆ ಅದು ರಾಮಸಾಮಿ. ಕೆನಡಾದ ಮಾನವಶಾಸ್ತ್ರಜ್ಞೆ ಬ್ರೆಂಡಾ ಬೆಕ್ ಅವರು 1960ರ ದಶಕದ ನಡುವಿನಲ್ಲಿ, ಈಗ ತಿರುಪ್ಪೂರು ಜಿಲ್ಲೆಗೆ ಸೇರಿದ ಕಾಂಗೇಯಂ ಸೀಮೆಯ ಓಲಪಾಳೆಯಂ ಎಂಬ ಹಳ್ಳಿಯಲ್ಲಿ ನೆಲೆಸಿ, 1965ರಲ್ಲಿ ಟೇಪಿನಲ್ಲಿ ಹಿಡಿದದ್ದು ಈ ಹಾಡುಗಾರನ ಹಲವು ರಾತ್ರಿಗಳ ಕಥನವನ್ನು. ಆಕೆಯ 'ದಿ ತ್ರೀ ಟ್ವಿನ್ಸ್' ಎಂಬ ಪುಸ್ತಕ 1982ರಲ್ಲೂ, ಮೂಲಪಾಠ ಮತ್ತು ಇಂಗ್ಲಿಷ್ ಅನುವಾದ 1992ರಲ್ಲಿ ಚೆನ್ನೈಯ ಏಷ್ಯನ್ ಅಧ್ಯಯನ ಸಂಸ್ಥೆಯಿಂದಲೂ ಹೊರಬಂದವು. ಬೆಕ್ ಅವರ ಶ್ರಮದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ, ಅದೇ ರಾಮಸಾಮಿ ಜನರ ಮುಂದೆ ಹಾಡಿದ ಕಥೆಯನ್ನೂ ಲಿಪಿಕಾರನ ಮುಂದೆ ಕೂತು ಬರೆಸಿದ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು. ಒಂದೇ ಬಾಯಿ, ಒಂದೇ ಕಥೆ. ಆದರೂ ಎರಡು ಪಾಠಗಳು ಒಂದೇ ಆಗಿಲ್ಲ. ಇದನ್ನು ನೆನಪಿನ ಜಾರುವಿಕೆ ಎಂದು ಓದಿದರೆ ಪರಂಪರೆ ಅರ್ಥವಾಗದು. ಕಣ್ಣೆದುರಿಗೆ ಹಳ್ಳಿ ಕುಳಿತಿದ್ದಾಗ, ಪಕ್ಕದಲ್ಲಿ ಸಹಾಯಕ ಪ್ರಶ್ನೆ ಹಾಕುತ್ತಿದ್ದಾಗ, ಹಾಡುಗಾರ ತಾಮರೈಯ ಗೋಳನ್ನು ಎಷ್ಟು ಎಳೆಯಬೇಕು, ವಿಷ್ಣುವಿನ ತಂತ್ರವನ್ನು ಎಲ್ಲಿ ಚುರುಕುಗೊಳಿಸಬೇಕು ಎಂಬುದನ್ನು ಅಲ್ಲೇ ತೀರ್ಮಾನಿಸುತ್ತಾನೆ. ಕೂತವರ ಉಸಿರೇ ಅವನ ದಾಳ. ಕಾಗದದ ಮುಂದೆ ಆ ಉಸಿರು ಇಲ್ಲ.

ರಾಮಸಾಮಿಯ ಲೋಕ ಎಷ್ಟು ತೆರೆದುಕೊಂಡಿದೆಯೆಂದರೆ ಅಲ್ಲಿ ವೈರಿಗೂ ಜಾಗವಿದೆ. ಕೊಂಬನ್ ಹಂದಿಯನ್ನು ಸಾಕಿ ಬೆಳೆಸಿದ ಬೇಡರ ಕನ್ಯೆ ವೀರತಂಗಾಳ್ ಖಳನಾಯಕಿಯಾಗಿ ಕುಗ್ಗುವುದಿಲ್ಲ; ಕಾಡು ಕಳೆದುಕೊಳ್ಳುತ್ತಿರುವವಳ ಕೋಪಕ್ಕೆ ಕಾರಣವಿದೆಯೆಂದು ಕೇಳುಗನಿಗೆ ತಿಳಿಯುತ್ತದೆ. ದೈತ್ಯ ಹಂದಿಯ ಸೊಕ್ಕನ್ನು ಮೊದಲು ಮುರಿಯುವುದು ವೀರರ ಕತ್ತಿಯಲ್ಲ, ಪೊನ್ನಾಚ್ಚಿ ಎಂಬ ಪುಟ್ಟ ಹೆಣ್ಣುನಾಯಿಯ ಕಡಿತ. ಅಣ್ಣಂದಿರ ಆಳು ಶಂಭುಗ, ಕೀಳೆನಿಸಿದ ಜಾತಿಯ ತಮಟೆಯವನು, ಒಡೆಯರಿಬ್ಬರಿಗಿಂತ ಎಷ್ಟೋ ಬಾರಿ ಹೆಚ್ಚು ಚುರುಕಾಗಿ ಯೋಚಿಸುತ್ತಾನೆ. ಇಂಥ ಲೋಕದಲ್ಲಿ ಯಾರ ಪಕ್ಕದಲ್ಲಿ ಕೂರಬೇಕೆಂಬ ಆಯ್ಕೆ ಕೇಳುಗನದೇ.

2011ರ ಚಿತ್ರ ಕಿತ್ತುಕೊಂಡದ್ದು ಸರಿಯಾಗಿ ಈ ಆಯ್ಕೆಯನ್ನು. ಎಂ. ಕರುಣಾನಿಧಿಯವರ ಕಾದಂಬರಿಯನ್ನು ಆಧರಿಸಿ, ಅವರದೇ ಸಂಭಾಷಣೆಯೊಡನೆ, ತ್ಯಾಗರಾಜನ್ ನಿರ್ದೇಶಿಸಿದ 'ಪೊನ್ನರ್ ಶಂಕರ್' ಆ ವರ್ಷದ ಏಪ್ರಿಲ್ 9ರಂದು, ವಿಧಾನಸಭಾ ಚುನಾವಣೆಗೆ ನಾಲ್ಕು ದಿನ ಮುಂಚೆ ತೆರೆಕಂಡಿತು; ಪ್ರಶಾಂತ್ ದ್ವಿಪಾತ್ರದಲ್ಲಿದ್ದರು, ಸಂಗೀತ ಇಳಯರಾಜ ಅವರದು, ತಾರೆಯರಿಗೆ ಬರವಿರಲಿಲ್ಲ. ಹಣದ ಕೊರತೆಯೆಂಬ ತೀರ್ಪು ಇಲ್ಲಿಯೇ ಕುಸಿಯುತ್ತದೆ, ಏಕೆಂದರೆ ಕುದುರೆ, ಕೋಟೆ, ಸೈನ್ಯಗಳಲ್ಲಿ ಚಿತ್ರ ಜಿಪುಣತನ ತೋರಿಲ್ಲ. ಪವಾಡಗಳಲ್ಲಿ ನಂಬಿಕೆಯಿಲ್ಲದ ಚಳವಳಿಯಿಂದ ಬಂದ ಲೇಖಕರೊಬ್ಬರು ದೇವತೆಗಳೇ ಸೂತ್ರ ಹಿಡಿದಿರುವ ಕಥೆಯನ್ನು ಕೈಗೆತ್ತಿಕೊಂಡಾಗ ಏನು ಉಳಿಯಬಹುದೆಂಬುದು ಕುತೂಹಲದ ಪ್ರಶ್ನೆಯಾಗಬಹುದಿತ್ತು. ಉಳಿದದ್ದು ರಾಜಕುಮಾರರ ಸೇಡು. ಹಾಡುಗಾರರ ಕಥೆಯಲ್ಲಿ ಅಣ್ಣಂದಿರ ಮದುವೆ ಹೆಸರಿಗಷ್ಟೇ, ಅವರ ವ್ರತವೇ ಅವರ ಬಲ. ಚಿತ್ರದಲ್ಲಿ ಆ ಇಬ್ಬರು ವಧುಗಳು ಪ್ರಣಯಗೀತೆಗಳ ನಾಯಕಿಯರಾದರು. ವ್ರತ ಸಡಿಲವಾದ ಮೇಲೆ ಪಡುಗಳಕ್ಕೆ ಅರ್ಥವಿಲ್ಲ. ಒಕ್ಕಲು ಕುಲದ ಹೆಮ್ಮೆಗೆ ಗೋಪುರ ಕಟ್ಟಿ ಬೇಡರ ದುಃಖಕ್ಕೆ ಬಾಗಿಲು ಮುಚ್ಚಿದ ಈ ಚಿತ್ರ, ಪ್ರೇಕ್ಷಕನ ಪಾಲಿಗೆ ಉಳಿಸಿದ ಒಂದೇ ಪಾತ್ರ ಪ್ರಜೆಯದು.

ಬೆಕ್ ಅವರೇ ಮುಂದೆ ನಿಂತು 26 ಕಂತುಗಳಲ್ಲಿ ತಂದ 'ದಿ ಲೆಜೆಂಡ್ ಆಫ್ ಪೊನ್ನಿವಳ' ಎಂಬ ಅನಿಮೇಷನ್ ಸರಣಿಗೆ, ಅದರ ಜೊತೆಗಿನ ಚಿತ್ರಕಥಾ ಪುಸ್ತಕಗಳಿಗೆ, ಇದೇ ಕಟ್ಟುನಿಟ್ಟನ್ನು ಅನ್ವಯಿಸಿದರೆ ಅವೂ ಪಾಸಾಗಲಾರವು. ಚಿತ್ರಗಳ ಚಲನೆ ಸೀಮಿತ, ಮುಖಗಳಲ್ಲಿ ಭಾವ ಕಡಿಮೆ, ನಿರೂಪಣೆಯಲ್ಲಿ ಪಾಠ ಹೇಳುವ ಧಾಟಿ ಇಣುಕುತ್ತದೆ. ಆದರೂ ಅವನ್ನು ಕ್ಷಮಿಸಬೇಕು. ಪಕ್ಷಪಾತವೆಂದರೆ ಪಕ್ಷಪಾತವೇ ಸರಿ: ಅಜ್ಜನ ಕಾಲದಿಂದ ಶುರುವಾಗಿ ಮೂರು ತಲೆಮಾರು ನಿಧಾನವಾಗಿ ಸಾಗುವ ರಾಮಸಾಮಿಯ ಕ್ರಮವನ್ನು ಈ ಸರಣಿ ಕದಡಿಲ್ಲ, ಪುಟ್ಟ ನಾಯಿಯನ್ನು ಕೈಬಿಟ್ಟಿಲ್ಲ, ತಾಮರೈಯ ತಪಸ್ಸಿಗೆ ಬೇಕಾದಷ್ಟು ಹೊತ್ತು ಕೊಟ್ಟಿದೆ. ಒರಟು ರೇಖೆಯ ನಿಷ್ಠೆ ಹೊಳಪಿನ ದ್ರೋಹಕ್ಕಿಂತ ಮೇಲು.

ಹೊರಜಗತ್ತಿನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟದಿಂದ 1983ರಲ್ಲಿ ಹುಟ್ಟಿದ ಮಕ್ಕಳ ಕಾರ್ಟೂನು 27 ಕಂತುಗಳಿಗೆ ನಿಂತಿತು. 2000ದ ಸಿನಿಮಾ ನಗೆಪಾಟಲಾಯಿತು. 2023ರ ಸಿನಿಮಾವನ್ನು ವಿಮರ್ಶಕರು ಮೆಚ್ಚಿಕೊಂಡರೂ ಗಲ್ಲಾಪೆಟ್ಟಿಗೆ ಅಷ್ಟಾಗಿ ಒಲಿಯಲಿಲ್ಲ. ಗೆದ್ದವರು ಬೇರೆ ದಾರಿಯವರು. ಜಪಾನಿನ 'ರೆಕಾರ್ಡ್ ಆಫ್ ಲೋಡಾಸ್ ವಾರ್' ಕಾದಂಬರಿಯಾಗಿ, ಅನಿಮೇಷನ್ ಆಗಿ ಬೆಳೆದದ್ದು 1986ರಿಂದ ಪತ್ರಿಕೆಯೊಂದು ಅಚ್ಚು ಹಾಕುತ್ತ ಬಂದ, ಆಟಗಾರರು ನಿಜವಾಗಿ ಆಡಿದ ಸುತ್ತುಗಳ ಮಾತುಕತೆಯ ವರದಿಯಿಂದ. ಅಮೆರಿಕದ 'ಕ್ರಿಟಿಕಲ್ ರೋಲ್' ತಂಡ ತಾವು ಆಡುವುದನ್ನೇ ಗಂಟೆಗಟ್ಟಲೆ ನೇರಪ್ರಸಾರ ಮಾಡಿತು. 2019ರಲ್ಲಿ ಅನಿಮೇಷನ್‌ಗೆ ಹಣ ಕೇಳಿದಾಗ ಎಂಬತ್ತೆಂಟು ಸಾವಿರಕ್ಕೂ ಮಿಕ್ಕಿದ ಜನ ಒಂದು ಕೋಟಿ ಡಾಲರಿಗೂ ಹೆಚ್ಚು ಹಾಕಿದರು, 2022ರಲ್ಲಿ 'ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ' ಬಂದಿತು. ಆ ಜನ ಕೊಂಡದ್ದು ಕಥೆಯನ್ನಲ್ಲ, ಆಟಗಾರರ ತಡವರಿಕೆ, ಗೆಲುವು, ತಪ್ಪುಗಳ ಜೊತೆ ತಾವು ಕಳೆದ ರಾತ್ರಿಗಳನ್ನು. ಕಾಂಗೇಯಂ ಸೀಮೆಯ ಕೇಳುಗರಿಗೆ ಇದು ಹೊಸ ವಿಷಯವೇ ಆಗಲಾರದು.

ಕೊಯಮತ್ತೂರಿಗೆ ಸರಣಿ ಕಟ್ಟಲು ಬಾರದು ಎಂದೂ ಹೇಳುವಂತಿಲ್ಲ. ಇದೇ ಊರಿನ ಪಕ್ಷಿರಾಜಾ ಸ್ಟುಡಿಯೋದಲ್ಲಿ ಶ್ರೀರಾಮುಲು ನಾಯ್ಡು 1954ರಲ್ಲಿ ಎಂ.ಜಿ.ಆರ್. ನಾಯಕತ್ವದ 'ಮಲೈಕ್ಕಳ್ಳನ್' ತೆಗೆದು, ಅದನ್ನೇ ತೆಲುಗು, ಹಿಂದಿ, ಮಲಯಾಳ, ಸಿಂಹಳಗಳಿಗೂ, 'ಬೆಟ್ಟದ ಕಳ್ಳ'ನಾಗಿ 1957ರಲ್ಲಿ ಕನ್ನಡಕ್ಕೂ ದಾಟಿಸಿದರು. ದಿಲೀಪ್ ಕುಮಾರ್ ಅವರ 'ಆಜಾದ್' ಕೂಡ ಅದೇ ಕಳ್ಳ. 'ಮಲೈಕ್ಕಳ್ಳನ್' ಚಿತ್ರದ ಸಂಭಾಷಣೆಯೂ ಕರುಣಾನಿಧಿಯವರದೇ ಎಂಬುದು ಮೋಜಿನ ಸಂಗತಿ. ಆದರೆ ಆ ಕಳ್ಳ ನಾಮಕ್ಕಲ್ ರಾಮಲಿಂಗಂ ಪಿಳ್ಳೈಯವರ ಕಾದಂಬರಿಯ ಪುಟಗಳಲ್ಲಿ ಹುಟ್ಟಿದವನು, ಅವನ ಹೆಸರಿನಲ್ಲಿ ಯಾವ ಊರಿನ ಯಾವ ರೈತನೂ ಮಣ್ಣಿಗೆ ಬಿದ್ದು ಸತ್ತು ಎದ್ದಿರಲಿಲ್ಲ. ಆದ್ದರಿಂದಲೇ ಭಾಷೆಯಿಂದ ಭಾಷೆಗೆ ಹೋಗುವಾಗ ಅವನು ಕಳೆದುಕೊಳ್ಳಬೇಕಾದ್ದೇನೂ ಇರಲಿಲ್ಲ.

ಕನ್ನಡನಾಡು ಈ ವಿಷಯದಲ್ಲಿ ಬೀಗುವಂತಿಲ್ಲ. ತುಳುನಾಡಿನ ಅವಳಿ ವೀರರು ಕೋಟಿ–ಚೆನ್ನಯರು 1973ರಲ್ಲಿ ತೆರೆಗೆ ಬಂದು ಹೋದರು, ಮತ್ತೊಮ್ಮೆ 2007ರಲ್ಲಿ ಬಂದರು. ಗರಡಿಗಳಲ್ಲಿ ಅವರ ನೇಮ ಎರಡರಿಂದಲೂ ಕದಲಲಿಲ್ಲ. 2022ರ 'ಕಾಂತಾರ' ಮತ್ತು 2025ರ ಅದರ ಪೂರ್ವಕಥೆ ಮಾತ್ರ ದೈವದ ಆವೇಶವನ್ನೇ ಸರಕಿನ ತಿರುಳಾಗಿಸಿ ಗೆದ್ದವು, ಗೆದ್ದ ಮೇಲೆ ಪ್ರೇಕ್ಷಕರು ಚಿತ್ರಮಂದಿರದಲ್ಲಿ ದೈವದಂತೆ ವೇಷ ಹಾಕಿ ಕೂಗತೊಡಗಿದಾಗ ಅನುಕರಿಸಬೇಡಿರೆಂದು ನಿರ್ಮಾಪಕರೇ ಕೇಳಿಕೊಳ್ಳಬೇಕಾಯಿತು. ಆ ಪ್ರೇಕ್ಷಕರನ್ನು ಬೈದವರು ಬಹಳ. ಅವರ ತಪ್ಪಾದರೂ ಏನು? ಆಟಕ್ಕೆ ಕರೆದು, ಮೈಮೇಲೆ ಬರುವಂತೆ ಬಡಿದು, ಕುರ್ಚಿ ಬಿಟ್ಟೇಳಬೇಡವೆಂದರೆ ಮನುಷ್ಯ ಏನು ಮಾಡಬೇಕು? ನೇಮದ ಅಂಗಳದಲ್ಲಿ ಆವೇಶಕ್ಕೆ ವ್ರತವಿದೆ, ಸರದಿಯಿದೆ, ಹಿಡಿದು ನಿಲ್ಲಿಸುವ ಹಿರಿಯರಿದ್ದಾರೆ. ಪರದೆ ಆ ಕಟ್ಟುಪಾಡನ್ನೆಲ್ಲ ಹೊರಗಿಟ್ಟು ಸದ್ದನ್ನಷ್ಟೇ ಒಳಗೆ ತಂದಿತು. ಮತ್ತೆ, ಇಂಥ ಸದ್ದಿಗೆ ಎದೆ ನಡುಗುವುದೇ ರಸಾನುಭವವೆಂದು ನಂಬಿಸುವ ವಿಮರ್ಶೆಯೊಂದು ವಾರಪತ್ರಿಕೆಗಳಲ್ಲೂ ಚಾನೆಲ್ಲುಗಳಲ್ಲೂ ದಿನಬೆಳಗಾದರೆ ತಯಾರಾಗುತ್ತಿದೆ. ಗಂಟೆಗಟ್ಟಲೆ ಕೂತು, ತೂಕಡಿಸಿ, ಎಚ್ಚೆತ್ತು, ಹಾಡುಗಾರನಿಗೆ ಹೂಂಗುಟ್ಟುತ್ತ ಕಥೆಯಲ್ಲಿ ಪಾಲು ಪಡೆಯುವ ಅಭಿರುಚಿಗೆ ಈ ವಿಮರ್ಶೆಯ ನಿಘಂಟಿನಲ್ಲಿ ಬೇಸರವೆಂದು ಹೆಸರು.

ಅಣ್ಣನ್‌ಮಾರ್ ಕಥೆಯನ್ನು ಮತ್ತೆ ಪರದೆಗೆ ತರುವ ಉತ್ಸಾಹಿಗಳು ನಾಳೆಯೂ ಬರುವರು. ಅವರು ನಟರನ್ನು ಆರಿಸುವ ಮುನ್ನ 1965ರ ಪಾಠವನ್ನು ಓದಲಿ, ಶಂಭುಗನಿಗೆ ಎಷ್ಟು ಮಾತು ಉಳಿಸುತ್ತೇವೆಂದು ಮೊದಲು ಲೆಕ್ಕ ಹಾಕಲಿ. ಅವನನ್ನು ಹಾಸ್ಯನಟನಿಗೆ ಒಪ್ಪಿಸಿದ ದಿನವೇ ಆ ಸರಣಿಯೂ ಹಿಂದಿನ ಚಿತ್ರದ ಎರಡನೆಯ ಭಾಗವಾಗಿ ಮುಗಿಯುತ್ತದೆ.