ಮಸ್ಕಿಯ ಶಾಸನವೂ ಸೂಚೀಕಾರನ ವಿವೇಕವೂ

ಅಂತರ್ಜಾಲದ ಶೋಧಯಂತ್ರಗಳು ಬಂದ ಮೇಲೆ ಗ್ರಂಥಭಂಡಾರದ ಸೂಚೀಪತ್ರವು ನಿಷ್ಪ್ರಯೋಜಕವಾಯಿತೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಹಬ್ಬಿರುವುದು. ಇದನ್ನು ಪರೀಕ್ಷಿಸುವುದಕ್ಕೆ ಲಿಂಗಸುಗೂರು ಪ್ರಾಂತದ ಮಸ್ಕಿಯು ಒಳ್ಳೆಯ ನಿದರ್ಶನವಾಗಿದೆ.

1837ರಲ್ಲಿ ಪ್ರಿನ್ಸೆಪ್ ಸಾಹೇಬರು ಬ್ರಾಹ್ಮೀ ಶಾಸನಗಳನ್ನು ಓದಿದಾಗ ಅವುಗಳಲ್ಲಿ ಕಂಡುವು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ದೇವಾನಾಂಪ್ರಿಯನೆಂಬ ಬಿರುದು ಸಿಂಹಳದ ತಿಸ್ಸನಿಗೂ ಇದ್ದುದರಿಂದ ಅವರು ಮೊದಲು ಅವನ್ನು ಸಿಂಹಳದ ಅರಸನವೆಂದು ಎಣಿಸಿದರು. ಅದೇ ವರ್ಷ ಟರ್ನರ್ ಸಾಹೇಬರು ಸಿಂಹಳದ ಪಾಳಿ ಗ್ರಂಥದ ಬಲದಿಂದ ಪ್ರಿಯದರ್ಶಿಯು ಅಶೋಕನೇ ಎಂದು ತೋರಿಸಿದರು. ಆದರೂ ಕಲ್ಲಿನ ಸಾಕ್ಷ್ಯವಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರಿಗೆ ಮಸ್ಕಿಯಲ್ಲಿ ಒಂದು ಶಾಸನವು ಗೋಚರವಾಯಿತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಅದರಲ್ಲಿ ಬಿರುದೂ ಅಶೋಕನೆಂಬ ಹೆಸರೂ ಒಟ್ಟಿಗೆ ಇದ್ದುವು. ಚಿನ್ನವನ್ನು ಅರಸುವವರಿಗೆ ಹೀಗೂ ಒಮ್ಮೊಮ್ಮೆ ದೊರೆಯುವುದುಂಟು!

ಸೂಚೀಕಾರನ ನಿತ್ಯಕಾರ್ಯವೂ ಇದೇ. ಒಬ್ಬನಿಗೆ ಹಲವು ಹೆಸರುಗಳಿದ್ದರೆ ಒಂದೆಡೆ ಕೂಡಿಸಬೇಕು. ಹಲವರಿಗೆ ಒಂದೇ ಹೆಸರಿದ್ದರೆ ಬೇರ್ಪಡಿಸಬೇಕು. ಶೋಧಯಂತ್ರವು ಬರಿಯ ಅಕ್ಷರಗಳನ್ನು ಹೊಂದಿಸುವುದೆಂದು ಜರೆಯುವುದು ಇಂದು ನ್ಯಾಯವಲ್ಲ. ಪರ್ಯಾಯನಾಮಗಳನ್ನು ಅದೂ ಬಲ್ಲುದು. ಅದರ ಕೊರತೆಯು ಬೇರೆಡೆಯಲ್ಲಿದೆ. ರಾಜೇಂದ್ರಚೋಳನ ಶಾಸನಗಳಲ್ಲಿ ಬರುವ ಮುಶಂಗಿಯು ಮಸ್ಕಿಯೇ ಎಂದು ಕೆಲವರು, ಉಚ್ಚಂಗಿಯೆಂದು ಕೆಲವರು. ಅಶೋಕ–ದೇವಾನಾಂಪ್ರಿಯರ ಐಕ್ಯದಂತೆ ಇದು ಸಿದ್ಧವಾದ ವಿಷಯವಲ್ಲ. ನುರಿತ ಸೂಚೀಕಾರನು ಮೊದಲನೆಯದಕ್ಕೆ ‘ನೋಡಿ’ ಎಂದೂ ಎರಡನೆಯದಕ್ಕೆ ‘ಇದನ್ನೂ ನೋಡಿ’ ಎಂದೂ ಬರೆಯುವನು. ಆ ‘ಊ’ಕಾರದಲ್ಲಿ ಅವನ ಪಾಂಡಿತ್ಯವೆಲ್ಲವೂ ಅಡಗಿರುವುದು. ಯಂತ್ರವು ಎರಡನ್ನೂ ಒಂದೇ ಧೈರ್ಯದಿಂದ ಮುಂದಿಡುವುದು. ನಿರ್ಣಯವು ಯಾರದು, ಆಧಾರವೇನು ಎಂದು ಅನೇಕ ವೇಳೆ ಹೇಳದು.

ಸಾಹಿತ್ಯದ ಅಧ್ಯಾಪಕರಿಗೆ ಇದು ದೂರದ ಮಾತಲ್ಲ. ಕೆ.ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು; ಈಗ ಹೆಚ್ಚಿನ ವಿದ್ವಾಂಸರು ಶ್ರೀವಿಜಯನನ್ನು ಕರ್ತೃವೆನ್ನುವರು. ಸೂಚೀಪತ್ರವನ್ನು ಗಣಕಯಂತ್ರಕ್ಕೆ ಏರಿಸುವವರು ಗ್ರಂಥನಾಮ ಕರ್ತೃನಾಮಗಳನ್ನಷ್ಟೇ ತುಂಬಿ, ಈ ಎರಡು ಹೆಸರುಗಳ ನಡುವಣ ಉಲ್ಲೇಖದ ಚೀಟಿಯನ್ನು ಅನಾವಶ್ಯಕವೆಂದು ಬಿಟ್ಟರೆ, ಶ್ರೀವಿಜಯನೆಂದು ಹುಡುಕಿದ ವಿದ್ಯಾರ್ಥಿಗೆ ಪಾಠಕರ ಆವೃತ್ತಿಯು ಕಾಣಿಸದೆ ಹೋಗುವುದು. ಅದು ಅದೇ ಕೊಠಡಿಯ ಕಪಾಟಿನಲ್ಲಿಯೇ ಇದ್ದರೂ ಸರಿ.